ಬಾಗಿಲ ಹೊರಗಿನ ಬೆಂಚು

ಗೋರ್ವಾದ ನಮ್ಮ ಸೊಸೈಟಿಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ ಹೋದರೆ ಒಂದು ಥೆರಪಿ ಸೆಂಟರ್ ಇದೆ. ಎರಡನೇ ಮಹಡಿ. ಕೆಳಗೆ ಫರ್ಸಾಣ್ ಅಂಗಡಿ, ಪಕ್ಕದಲ್ಲಿ ಮೊಬೈಲ್ ರಿಪೇರಿ. ಮೆಟ್ಟಿಲು ಹತ್ತಿದರೆ ಆನೆ, ಜಿರಾಫೆಗಳ ಚಿತ್ರ ಅಂಟಿಸಿದ ಬಾಗಿಲು. ಬಾಗಿಲ ಹೊರಗೆ ಗೋಡೆಗುಂಟ ಒಂದು ಉದ್ದನೆಯ ಬೆಂಚು. ಆ ಬೆಂಚಿನ ಮೇಲೆ ನನ್ನ ಹೆಂಡತಿ ಹದಿನಾಲ್ಕು ತಿಂಗಳು ಕೂತಿದ್ದಾಳೆ. ವಾರಕ್ಕೆ ಎರಡು ಸಲ, ಸಲಕ್ಕೆ ನಲವತ್ತೈದು ನಿಮಿಷ. ನಾನು ಕೂತದ್ದು ಒಂದೇ ಸಲ. ಅದೂ ಅವಳಿಗೆ ಜ್ವರ ಬಂದಿತ್ತು ಅಂತ.

ಆ ದಿನ ಬೆಂಚಿನ ಮೇಲೆ ನನ್ನ ಜೊತೆ ಐದು ಜನರಿದ್ದರು. ಐವರೂ ಹೆಂಗಸರು. ಒಬ್ಬರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಒಬ್ಬರು ಮೊಬೈಲಿನ ಮೇಲೆ ಕಣ್ಣಿಟ್ಟು, ಅದರಲ್ಲಿ ಏನನ್ನೂ ನೋಡದೆ ಕೂತಿದ್ದರು. ಒಳಗೆ ಏನೋ ಬಿದ್ದ ಸದ್ದಾದರೆ ಐದೂ ತಲೆಗಳು ಒಟ್ಟಿಗೆ ಮೇಲೇಳುತ್ತಿದ್ದವು, ತನ್ನ ಮಗುವಿನದೇ ಇರಬೇಕು ಎನ್ನುವ ಹಾಗೆ. ಕೊನೆಗೆ ಬಾಗಿಲು ತೆರೆಯಿತು. ಥೆರಪಿಸ್ಟ್ ಹುಡುಗಿ ನನ್ನ ಮಗನ ಕೈ ಹಿಡಿದುಕೊಂಡು ಬಂದು, ಇವತ್ತು ಚೆನ್ನಾಗಿ ಕೂತ ಎಂದು ಹಿಂದಿಯಲ್ಲಿ ಹೇಳಿ, ಮುಂದಿನ ಮಗುವನ್ನು ಒಳಗೆ ಕರೆದುಕೊಂಡಳು. ಅವನು ಚೆನ್ನಾಗಿ ಕೂರುವ ಹಾಗೆ ನೀನು ಏನು ಮಾಡಿದೆಯಮ್ಮಾ ಎಂದು ಕೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಈ ಬರಹ ಆ ಬೆಂಚಿನ ವಿರುದ್ಧ. ಆ ಹುಡುಗಿಯ ವಿರುದ್ಧ ಅಲ್ಲ. ಅವಳು ಕಡಿಮೆ ಸಂಬಳಕ್ಕೆ ದಿನಕ್ಕೆ ಎಂಟು ಹತ್ತು ಮಕ್ಕಳನ್ನು ಸಂಭಾಳಿಸುತ್ತಾಳೆ. ನನ್ನ ತಕರಾರು ಇರುವುದು ಮಗುವನ್ನು ಒಳಗೆ ಕರೆದು ಹೆತ್ತವರನ್ನು ಹೊರಗೆ ಕೂರಿಸುವ ಏರ್ಪಾಡಿನ ಮೇಲೆ. ಆಮೇಲೆ, ಆ ಬೆಂಚು ಹೆಂಗಸರಿಗೆ ಮೀಸಲು ಎಂದುಕೊಂಡ ನನ್ನಂಥ ಗಂಡಸರ ಮೇಲೆ.

ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಲೆಕ್ಕ ಹಾಕುತ್ತಾ ಬಂದವನು ನಾನು. ಈ ಲೆಕ್ಕವನ್ನೂ ಹಾಕಿ ನೋಡಿ. ವಾರಕ್ಕೆ 168 ಗಂಟೆ. ಒಂಬತ್ತು ವರ್ಷದ ಹುಡುಗನ ನಿದ್ದೆಗೆ ಎಪ್ಪತ್ತು ತೆಗೆಯಿರಿ. ಶಾಲೆಗೆ ಮೂವತ್ತಾರು. ಥೆರಪಿಗೆ ಒಂದೂವರೆ. ಉಳಿದ ಅರವತ್ತು ಗಂಟೆ ಅವನು ನಮ್ಮ ಜೊತೆ ಇರುತ್ತಾನೆ: ಹಲ್ಲುಜ್ಜುವಾಗ, ಶೂ ಹುಡುಕುವಾಗ, ಹೋಂವರ್ಕಿನ ಮುಂದೆ, ಊಟದ ತಟ್ಟೆಯ ಮುಂದೆ, ಲಿಫ್ಟಿನಲ್ಲಿ, ನೆಂಟರ ಮನೆಯಲ್ಲಿ. ಒಂದೂವರೆ ಗಂಟೆಗೆ ತರಬೇತಿ ಪಡೆದವರು, ಅರವತ್ತು ಗಂಟೆಗೆ ಏನೂ ಹೇಳಿಸಿಕೊಳ್ಳದವರು. ಯಾವ ಪ್ರಾಜೆಕ್ಟಿನಲ್ಲಾದರೂ ನಾನು ಇಂಥ ಪ್ಲಾನ್ ತೋರಿಸಿದರೆ ಗಿರಾಕಿ ನನ್ನನ್ನು ಮನೆಗೆ ಕಳಿಸುತ್ತಾನೆ.

ಇದು ನನ್ನೊಬ್ಬನ ಜಾಣತನವೂ ಅಲ್ಲ. ವೈದ್ಯಲೋಕ ಎಂದೋ ಹೇಳಿರುವ ಮಾತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ, ನಾಲ್ಕರಿಂದ ಆರು ವರ್ಷದೊಳಗಿನ ಮಕ್ಕಳಿಗೆ ಎಡಿಎಚ್‌ಡಿ ಇದ್ದರೆ ಮೊದಲ ಚಿಕಿತ್ಸೆ ತಂದೆತಾಯಿಗೆ ಕೊಡುವ ತರಬೇತಿ ಎನ್ನುತ್ತದೆ. ಆರು ದಾಟಿದ ಮೇಲೆ ಔಷಧ, ಜೊತೆಗೆ ಮನೆ ಮತ್ತು ಶಾಲೆಯಲ್ಲಿ ನಡವಳಿಕೆಯ ತರಬೇತಿ. ಬ್ರಿಟನ್ನಿನ 2018ರ ಮಾರ್ಗಸೂಚಿಯೂ ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಹೇಳುವುದು ಇದನ್ನೇ: ಮೊದಲು ಹೆತ್ತವರ ಗುಂಪಿಗೆ ಪಾಠ. 1999ರಲ್ಲಿ ಫಲಿತಾಂಶ ಹೊರಬಂದ, ಎಂಟಿಎ ಎಂದು ಹೆಸರಾದ ದೊಡ್ಡ ಅಧ್ಯಯನದಲ್ಲಿ ನನ್ನ ಮಗನ ವಯಸ್ಸಿನ ಆಸುಪಾಸಿನ 579 ಮಕ್ಕಳಿದ್ದರು. ಅಲ್ಲೂ ಚಿಕಿತ್ಸೆ ನಡೆದದ್ದು ಹದಿನಾಲ್ಕು ತಿಂಗಳು. ನಡವಳಿಕೆಯ ಚಿಕಿತ್ಸೆಯ ಗುಂಪಿನಲ್ಲಿ ತಂದೆತಾಯಿಗಳಿಗೇ 27 ಗುಂಪು ಪಾಠ, 8 ಪ್ರತ್ಯೇಕ ಪಾಠ ನಡೆದವು. ನನ್ನ ಹೆಂಡತಿಗೆ ಅದೇ ಹದಿನಾಲ್ಕು ತಿಂಗಳಲ್ಲಿ ಸಿಕ್ಕದ್ದು ಬೆಂಚು.

ಆ ಅಧ್ಯಯನದ ಇನ್ನೊಂದು ಮಾತನ್ನು ಮುಚ್ಚಿಡುವುದಿಲ್ಲ. ಚಡಪಡಿಕೆ, ಗಮನದ ಕೊರತೆಯಂಥ ಮೂಲ ಲಕ್ಷಣಗಳ ಮಟ್ಟಿಗೆ, ಸರಿಯಾಗಿ ನೋಡಿಕೊಂಡು ಕೊಟ್ಟ ಔಷಧವೇ ಬರೀ ತರಬೇತಿಗಿಂತ ಹೆಚ್ಚು ಕೆಲಸ ಮಾಡಿತ್ತು. ಎರಡನ್ನೂ ಸೇರಿಸಿ ಕೊಟ್ಟಲ್ಲಿ ಹೆತ್ತವರ ಮತ್ತು ಮಕ್ಕಳ ಸಂಬಂಧ ಸುಧಾರಿಸಿತು, ಔಷಧದ ಪ್ರಮಾಣವೂ ಕಡಿಮೆ ಸಾಕಾಯಿತು. ಹಾಗಾಗಿ ಮಾತ್ರೆ ಬೇಡ, ಪ್ರೀತಿ ಸಾಕು ಎಂದು ವಾದಿಸಲು ನಾನು ಬಂದಿಲ್ಲ. ಪ್ರೀತಿ ನಮ್ಮ ಮನೆಯಲ್ಲಿ ಮೊದಲೂ ಇತ್ತು. ಇಲ್ಲದಿದ್ದದ್ದು ತಿಳಿವಳಿಕೆ.

ತಿಳಿವಳಿಕೆ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಮಗ ಒಂದನೇ ತರಗತಿಯಲ್ಲಿದ್ದಾಗಿಂದ ಶಾಲೆಯ ಡೈರಿಯಲ್ಲಿ ಕೆಂಪು ಶಾಯಿ ಶುರುವಾಯಿತು. ಜಾಗದಲ್ಲಿ ಕೂರುವುದಿಲ್ಲ. ಪಕ್ಕದವರನ್ನು ಕೂರಗೊಡುವುದಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ. ನೀರಿನ ಬಾಟಲಿ ಈ ತಿಂಗಳಲ್ಲಿ ನಾಲ್ಕನೆಯದು. ಪ್ರತಿ ಸಲವೂ ಕೊನೆಯ ಸಾಲು ಒಂದೇ: ಪಾಲಕರು ದಯವಿಟ್ಟು ಮಗುವಿನ ಕಡೆ ಗಮನ ಕೊಡಿ. ಗಮನದ ಕೊರತೆ ಯಾರದು ಎಂಬುದನ್ನು ಶಾಲೆ ಹೀಗೆ ಇತ್ಯರ್ಥ ಮಾಡಿಬಿಟ್ಟಿತ್ತು. ಮೀಟಿಂಗುಗಳಿಗೆ ಹೋಗುತ್ತಿದ್ದವಳು ಹೆಂಡತಿ. 'ರೀ, ಒಮ್ಮೆ ನೀವರೆ ಬರ್ರಿ. ನನ್ನ ಮಾತು ಅವರು ಕಿವಿಗೇ ಹಾಕ್ಕೊಳ್ಳೂದಿಲ್ಲ' ಎನ್ನುತ್ತಿದ್ದಳು. ನನಗೆ ರಿಲೀಸ್ ಇರುತ್ತಿತ್ತು. ನನಗೆ ಯಾವಾಗಲೂ ರಿಲೀಸ್ ಇರುತ್ತದೆ.

ಎರಡನೇ ತರಗತಿಯ ಪರೀಕ್ಷೆಯ ಹಿಂದಿನ ರಾತ್ರಿ ಅವನು ಒಂದು ಪುಟ ಬರೆಯಲು ಎರಡು ಗಂಟೆ ತೆಗೆದುಕೊಂಡ. ಪೆನ್ಸಿಲ್ ಮುರಿದ, ಹುಡುಕಿದ, ಮತ್ತೆ ಮುರಿದ. ನಾನು ಹೊಡೆದೆ. ಗದರಿದೆ ಅಲ್ಲ, ಹೊಡೆದೆ. ದಂಡಂ ದಶಗುಣಂ ಎಂದು ಬೆಳೆದವರು ನಾವು, ಕೈ ತಾನಾಗಿ ಎದ್ದಿತು. ಅವನು ಅಳಲಿಲ್ಲ. ಅಳುವುದನ್ನೂ ಮರೆತು ನನ್ನ ಮುಖ ನೋಡಿದ, ಆಮೇಲೆ ಕೇಳಿದ: 'ಅಪ್ಪಾ, ಕೈ ತಾನ ಹೋಗ್ತೈತಿ, ಏನ್ ಮಾಡ್ಲಿ?' ರಾಣೆಬೆನ್ನೂರಿನಿಂದ ಬಂದಿದ್ದ ನಮ್ಮವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. 'ತಮ್ಮಾ, ನೀನೂ ಹಿಂಗ ಇದ್ದಿ. ನಿಮ್ಮಪ್ಪ ನಿನಗೂ ಹೊಡದ. ಏನ್ ಬಂತು?' ಎಂದಷ್ಟೇ ಹೇಳಿ ಒಳಗೆ ಹೋದಳು.

ಏನು ಬಂತು? ಸುರತ್ಕಲ್ಲಿನ ಎಂಟೆಕ್ ಬಂತು ಎಂದು ಹೇಳಬಹುದಿತ್ತು. ನಮ್ಮಲ್ಲಿ ಅನೇಕರು ಹೇಳುವುದೂ ಇದನ್ನೇ: ನಮಗೆ ಹೊಡೆದರು, ನಾವು ಉದ್ಧಾರವಾದೆವು. ಆದರೆ ಅದೇ ಏಟು ತಿಂದು ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನ ಓಣಿಯ ಹುಡುಗರು ಈ ಲೆಕ್ಕದಲ್ಲಿ ಬರುವುದಿಲ್ಲ. ಅವರು ನಮ್ಮ ವಾಟ್ಸಾಪ್ ಗುಂಪಿನಲ್ಲಿಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶವಾಹಿಯ ಪಾಲು ಶೇಕಡಾ 70ರಿಂದ 80ರಷ್ಟು. ಅಂದರೆ ಅವ್ವನ ಮಾತು ಬರೀ ಅಜ್ಜಿಯ ಮಾತಲ್ಲ. ಈಗಲೂ ನನ್ನ ಮೊಬೈಲಿನಲ್ಲಿ ಒಂದು ಮೀಟಿಂಗಿಗೆ ಮೂರು ಅಲಾರಂ ಇರುತ್ತವೆ. ನನ್ನ ಕಂಪನಿ ಅದನ್ನು ಶಿಸ್ತು ಎನ್ನುತ್ತದೆ. ಮಗನಿಗೆ ಅಂಥದೇ ಒಂದು ಗಡಿಯಾರ ಡೆಸ್ಕಿನ ಮೇಲೆ ಬೇಕು ಎಂದರೆ ಶಾಲೆ ಅದನ್ನು ವಿಶೇಷ ಸವಲತ್ತು ಎನ್ನುತ್ತದೆ.

ಹಾಗಾದರೆ ಹೆತ್ತವರಿಗೆ ಕಲಿಸುವುದು ಅಂದರೆ ಏನನ್ನು? ಕೇಳಿದರೆ ಸಣ್ಣ ಸಂಗತಿಗಳು. ಇನ್ನೊಂದು ಕೋಣೆಯಿಂದ ಕೂಗಿ ಹೇಳಬೇಡಿ, ಹತ್ತಿರ ಹೋಗಿ, ಹೆಸರು ಹಿಡಿದು, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಸ್ನಾನ ಮಾಡಿ, ಬಟ್ಟೆ ಹಾಕಿ, ಬ್ಯಾಗು ತಗೊಂಡು ಬಾ ಎಂದರೆ ಮೂರು ಕೆಲಸ. ಅವನ ತಲೆಯಲ್ಲಿ ಮೊದಲನೆಯದು ಉಳಿದರೆ ಹೆಚ್ಚು. ಇದು ಹಟವಲ್ಲ, ಹೇಳಿದ್ದನ್ನು ಕೆಲಸ ಮುಗಿಯುವ ತನಕ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಕಡಿಮೆ. ಮೆಚ್ಚುವುದಿದ್ದರೆ ಆ ಕ್ಷಣಕ್ಕೆ ಮೆಚ್ಚಿ, ಯಾವುದನ್ನು ಮೆಚ್ಚಿದಿರಿ ಎಂದು ಹೇಳಿ. ಬಹುಮಾನ ಪರೀಕ್ಷೆ ಮುಗಿದ ಮೇಲಿನ ಸೈಕಲ್ ಆಗಬಾರದು, ಈ ಲೆಕ್ಕ ಮುಗಿದ ಮೇಲಿನ ಐದು ನಿಮಿಷದ ಆಟ ಆಗಬೇಕು. ಅವನಿಗೆ ಮಾರ್ಚ್ ತಿಂಗಳು ಎಂಬುದೇ ಇಲ್ಲ, ಈಗ ಮಾತ್ರ ಇದೆ. ಸಣ್ಣ ತಪ್ಪುಗಳನ್ನು ಬಿಟ್ಟುಬಿಡಿ, ದೊಡ್ಡದಕ್ಕೆ ಮೊದಲೇ ಹೇಳಿದ ಪರಿಣಾಮವನ್ನು ಪ್ರತಿ ಸಲವೂ ತಪ್ಪದೆ, ಸಿಟ್ಟಿಲ್ಲದೆ ಜಾರಿಗೆ ತನ್ನಿ. ಅಪ್ಪ ಒಂದು, ಅಮ್ಮ ಒಂದು ಹೇಳಬೇಡಿ.

ಓದಲು ಎರಡು ನಿಮಿಷ ಸಾಕು. ದಿನಾ ಬೆಳಿಗ್ಗೆ ಏಳೂಕಾಲಕ್ಕೆ, ಶಾಲೆಯ ವ್ಯಾನ್ ಹಾರ್ನ್ ಹೊಡೆಯುವಾಗ, ಶೂ ಒಂದೇ ಸಿಕ್ಕಿರುವಾಗ ಇದನ್ನು ಮಾಡಲು ಅಭ್ಯಾಸ ಬೇಕು. ಈಜುವುದನ್ನು ಕರಪತ್ರ ಓದಿ ಕಲಿಯಲಾಗುವುದಿಲ್ಲ. ಅದಕ್ಕೇ ಈ ತರಬೇತಿ ಸಾಮಾನ್ಯವಾಗಿ ಎರಡು ಮೂರು ತಿಂಗಳು, ವಾರಕ್ಕೊಮ್ಮೆ ನಡೆಯುತ್ತದೆ: ಒಂದು ಸಂಗತಿ ಕಲಿ, ಮನೆಯಲ್ಲಿ ಮಾಡಿ ನೋಡು, ಮುಂದಿನ ವಾರ ಬಂದು ಎಲ್ಲಿ ಎಡವಿದೆ ಹೇಳು. ನಮ್ಮಲ್ಲಿ ಇದರ ಬದಲು ಸಿಗುವುದು ಉಪದೇಶ. ಸ್ವಲ್ಪ ತಾಳ್ಮೆ ಇರಲಿ. ಮಗುವಿಗೆ ಸಮಯ ಕೊಡಿ. ಮೊಬೈಲ್ ಕೊಡಬೇಡಿ. ಚೆಸ್ ಕಲಿಸಿ, ಅಬಾಕಸ್‌ಗೆ ಹಾಕಿ, ಬುದ್ಧಿ ಹೆಚ್ಚಿಸುವ ಸಿರಪ್ ಕುಡಿಸಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಸಂಘದ ಹಿರಿಯರು. ಈ ಎಲ್ಲ ಮಾತುಗಳೂ ಕೊನೆಗೆ ಒಬ್ಬಳ ತಲೆಯ ಮೇಲೆ ಬೀಳುತ್ತವೆ, ಅವಳು ಬೆಂಚಿನ ಮೇಲೆ ಕೂತಿರುತ್ತಾಳೆ.

ಇನ್ನು ಭಾಷೆಯ ಮಾತು. ಈ ಪತ್ರಿಕೆಯ ಓದುಗರಿಗೆ ಹೇಳಲೇಬೇಕಾದದ್ದು ಇದು.

ಒಬ್ಬ ಕೌನ್ಸೆಲರ್ ನಮಗೆ ಕೊಟ್ಟ ಮೊದಲ ಸಲಹೆ ಏನು ಗೊತ್ತೇ? ಮನೆಯಲ್ಲಿ ಕನ್ನಡ ನಿಲ್ಲಿಸಿ. ಮಗುವಿಗೆ ಹೊರಗೆ ಗುಜರಾತಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ತಲೆಗೆ ಗೊಂದಲವಾಗುತ್ತದೆ, ಒಂದೇ ಭಾಷೆ ಇಟ್ಟುಕೊಳ್ಳಿ, ಇಂಗ್ಲಿಷ್ ಆದರೆ ಶಾಲೆಗೂ ಅನುಕೂಲ. ನಾವು ಹೂಂ ಅಂದೆವು. ಹೆದರಿದ ಹೆತ್ತವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಇಂಗ್ಲಿಷ್ ನಡೆಯಿತು. ಶಾಲೆಯ ಸರ್ಕ್ಯುಲರ್ ಓದಲು ನನ್ನ ಹೆಂಡತಿಯ ಇಂಗ್ಲಿಷ್ ಸಾಕು. ರಸ್ತೆಗೆ ಓಡುವ ಹುಡುಗನನ್ನು ನಿಲ್ಲಿಸಲು, ಅತ್ತು ಸುಸ್ತಾದವನನ್ನು ತೊಡೆಯ ಮೇಲೆ ಹಾಕಿಕೊಂಡು ಸಮಾಧಾನ ಮಾಡಲು ಸಾಕಾಗಲಿಲ್ಲ. ನಾನು ಗುಡ್ ಜಾಬ್ ಎನ್ನುತ್ತಿದ್ದೆ. ಸಂಬಳ ಹೆಚ್ಚಿಸಲಾಗದ ಹುಡುಗರಿಗೆ ಅಪ್ರೈಸಲ್‌ನಲ್ಲಿ ನಾನು ಹೇಳುವ ಮಾತದು, ಅವನಿಗೂ ಅದು ಹಾಗೇ ಕೇಳಿಸಿರಬೇಕು. ಅವ್ವ ಮನೆಯಲ್ಲೇ ಅತಿಥಿಯಾದಳು. ಮೊಮ್ಮಗನ ಜೊತೆ ಮಾತಾಡಿದರೆ ಅವನ ಕಾಯಿಲೆ ಹೆಚ್ಚಾಗುತ್ತದೆ ಎಂದು ಯಾರೋ ಹೇಳಿದ್ದಾರೆ ಎಂಬುದನ್ನು ಅರ್ಥಮಾಡಿಕೊಂಡು, ಟೀವಿಯ ಮುಂದೆ ಸುಮ್ಮನೆ ಕೂತುಬಿಟ್ಟಳು.

ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಎಡಿಎಚ್‌ಡಿ ಬರುತ್ತದೆ, ಒಂದನ್ನು ಬಿಟ್ಟರೆ ಕಡಿಮೆಯಾಗುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಹಾಗಿದ್ದಿದ್ದರೆ ಕಾಸರಗೋಡಿನ ಮಕ್ಕಳೆಲ್ಲ, ಬೆಳಗಾವಿಯ ಮಕ್ಕಳೆಲ್ಲ ಬೆಂಚಿನ ಒಳಗಡೆ ಇರಬೇಕಿತ್ತು. ಕನ್ನಡ ಬಿಡಿ ಎನ್ನುವ ಸಲಹೆ ಚಿಕಿತ್ಸೆಯಲ್ಲ. ಸಲಹೆಗಾರನಿಗೆ ಕನ್ನಡ ಬರುವುದಿಲ್ಲ ಎಂಬ ಕೊರತೆಯನ್ನು ನಮ್ಮ ಮಗುವಿನ ಕೊರತೆಯಾಗಿ ಬರೆದುಕೊಂಡದ್ದು, ಅಷ್ಟೆ. ಮೇಲೆ ಹೇಳಿದ ತರಬೇತಿಯ ಒಂದೊಂದು ಸಂಗತಿಯೂ ಮಾತಿನ ಮೇಲೆ ನಿಂತಿದೆ. ಚಿಕ್ಕ ಆಜ್ಞೆ, ತಕ್ಷಣದ ಮೆಚ್ಚುಗೆ, ಸಿಟ್ಟಿಲ್ಲದ ಎಚ್ಚರಿಕೆ. ಇವನ್ನು ಎರವಲು ಭಾಷೆಯಲ್ಲಿ ಮಾಡಿ ಎನ್ನುವುದು, ಎಡಗೈಯಲ್ಲಿ ಹೊಲಿಗೆ ಹಾಕಿ ಎಂದ ಹಾಗೆ. 'ಬಾ', 'ಕೂಡು', 'ತೊಳಿ': ಒಂದೊಂದೇ ಪದ, ಅವನ ಅಮ್ಮನ ಬಾಯಲ್ಲಿ. 'ಭಾಳ ಶಾಣ್ಯಾ ಅದೀ, ಚಪ್ಪಲಿ ಜಾಗಕ್ಕ ಇಟ್ಟಿ' ಎಂದಾಗ ಅವನ ಮುಖ ನೋಡಬೇಕು.

ರೋಗನಿರ್ಣಯದಲ್ಲೂ ಇದೇ ಗೋಳು. ಎಡಿಎಚ್‌ಡಿಗೆ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಲಕ್ಷಣಗಳು ಹನ್ನೆರಡು ವರ್ಷದೊಳಗೆ ಕಂಡಿರಬೇಕು, ಆರು ತಿಂಗಳಿಗಿಂತ ಹೆಚ್ಚು ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಹಾಗಾಗಿ ತಾಯಿ ಏನು ಹೇಳುತ್ತಾಳೆ ಎಂಬುದೇ ಅರ್ಧ ಪರೀಕ್ಷೆ. ನಮ್ಮ ಕೈಗೆ ಬಂದ ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು. ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಬಹಳ ಸಲ. ಆಗಾಗ ಎಲ್ಲಿ ಮುಗಿಯುತ್ತದೆ, ಬಹಳ ಸಲ ಎಲ್ಲಿ ಶುರುವಾಗುತ್ತದೆ? ಹೆಂಡತಿ ಪೆನ್ನು ಹಿಡಿದು ನನ್ನನ್ನು ಕೇಳಿದಳು, ನಾನು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಏನೋ ಒಂದು ಹಾಕು ಎಂದೆ. ಮಗುವಿನ ಹಣೆಬರಹ ಆ ಗೀಟಿನಲ್ಲಿತ್ತು.

ಇಷ್ಟು ಹೇಳಿದರೆ ನಮ್ಮ ವಿದ್ಯಾವಂತ ಗೆಳೆಯರಿಂದ ಒಂದು ಆಕ್ಷೇಪ ಬಂದೇ ಬರುತ್ತದೆ: ಇದೆಲ್ಲ ಅಮೆರಿಕದ ಔಷಧ ಕಂಪನಿಗಳು ಹುಟ್ಟಿಸಿದ ಕಾಯಿಲೆ, ನಮ್ಮ ಕಾಲದಲ್ಲಿ ಎಲ್ಲಿತ್ತು? ತಾರೀಖು ನೋಡೋಣ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಇವತ್ತು ಹೆಚ್ಚು ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟ್ ಎಂಬ ಔಷಧವನ್ನು ಮೊದಲು ತಯಾರಿಸಿದ್ದು 1944ರಲ್ಲಿ. ಮಾತ್ರೆಗಿಂತ ನಲವತ್ತು ವರ್ಷ ಮೊದಲೇ ಮಗು ಇತ್ತು. ಸ್ಟಿಲ್ ಕೂಡ ಅದನ್ನು ನೈತಿಕ ಹತೋಟಿಯ ಕೊರತೆ ಎಂದೇ ಕರೆದಿದ್ದ. ನಮ್ಮ ಓಣಿಯಲ್ಲಿ ಉಡಾಳ ಎನ್ನುತ್ತಿದ್ದರು. ಹೆಸರಿರಲಿಲ್ಲ ಎಂದರೆ ಮಕ್ಕಳಿರಲಿಲ್ಲ ಎಂದಲ್ಲ.

ಆಕ್ಷೇಪದಲ್ಲಿ ಒಂದು ತೂಕದ ಮಾತೂ ಇದೆ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಕ್ಕಳಿಗೆ ಈ ಹಣೆಪಟ್ಟಿ ಹೆಚ್ಚಾಗಿ ಬೀಳುವುದು ಹಲವು ದೇಶಗಳಲ್ಲಿ ಕಂಡಿದೆ. ಎಂಟು ಹತ್ತು ತಿಂಗಳ ಎಳಸುತನವನ್ನು ಕಾಯಿಲೆ ಎಂದು ಬಗೆಯುವ ಅಪಾಯ ನಿಜ. ಇನ್ನೊಂದು ಕಡೆ, ಓಡದೆ, ಕೂಗದೆ, ಕಿಟಕಿಯಾಚೆ ನೋಡುತ್ತ ಕೂತು ಹಿಂದೆ ಬೀಳುವ ಹುಡುಗಿಯರು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಅವಸರವಿಲ್ಲದ ತಪಾಸಣೆ, ಹೆತ್ತವರನ್ನು ಕೂರಿಸಿಕೊಂಡು ಅವರ ಭಾಷೆಯಲ್ಲಿ ಕೇಳುವ ತಪಾಸಣೆ. ಬೆಂಚಿನ ವಿರುದ್ಧದ ವಾದವನ್ನು ಈ ಆಕ್ಷೇಪ ಗಟ್ಟಿಯೇ ಮಾಡುತ್ತದೆ.

ಔಷಧದ ಭಯಕ್ಕೂ ಎರಡು ಮಾತು. ಮೀಥೈಲ್‌ಫೆನಿಡೇಟ್ ನಮ್ಮಲ್ಲಿ ಷೆಡ್ಯೂಲ್ ಎಕ್ಸ್ ಔಷಧ. ವೈದ್ಯರು ಚೀಟಿಯನ್ನು ಎರಡು ಪ್ರತಿಯಲ್ಲಿ ಬರೆಯಬೇಕು, ಅಂಗಡಿಯವರು ಒಂದನ್ನು ಎರಡು ವರ್ಷ ಕಾಪಿಡಬೇಕು. ದುರುಪಯೋಗ ತಡೆಯಲು ಈ ಕಟ್ಟು ಬೇಕು, ಸರಿ. ಆದರೆ ಈ ರಗಳೆ ಯಾರಿಗೆ ಬೇಕು ಎಂದು ಅನೇಕ ಅಂಗಡಿಯವರು ಅದನ್ನು ಇಡುವುದೇ ಇಲ್ಲ. ನಮ್ಮ ವಡೋದರಾ ಔಷಧದ ಊರು, 1907ರಲ್ಲಿ ಶುರುವಾದ ಅಲೆಂಬಿಕ್ ನಮ್ಮ ಗೋರ್ವಾದ ಪಕ್ಕದಲ್ಲೇ ಇದೆ. ಅಂಥ ಊರಿನಲ್ಲಿ ನಾನು ಚೀಟಿ ಹಿಡಿದು ಆರು ಅಂಗಡಿ ತಿರುಗಿದೆ. ಮೂರು ಕಡೆ ನನ್ನನ್ನು ನಶೆಯವನನ್ನು ನೋಡಿದ ಹಾಗೆ ನೋಡಿದರು. ತಾಯಿ ಹೋಗಿದ್ದರೆ, ಇಷ್ಟು ಚಿಕ್ಕ ಮಗುವಿಗೆ ಇದನ್ನು ಕೊಡುತ್ತೀರಾ ಎಂದು ಉಪದೇಶವನ್ನೂ ಕೊಟ್ಟು ಕಳಿಸುತ್ತಿದ್ದರು. ಕೊಡಬೇಕೋ ಬೇಡವೋ ಎಂಬುದನ್ನು ವೈದ್ಯರು ಮತ್ತು ಹೆತ್ತವರು ಕೂತು ತೀರ್ಮಾನಿಸಬೇಕು, ಹಸಿವು, ನಿದ್ದೆ, ತೂಕ ನೋಡುತ್ತಾ ಮುಂದುವರಿಸಬೇಕು. ಕೌಂಟರಿನ ಹಿಂದಿನವರು ಅದನ್ನು ತೀರ್ಮಾನಿಸಬಾರದು.

ಈಗ ಸರ್ಕಾರದ ಕಡೆ ಬರೋಣ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ ಹದಿನೆಂಟರವರೆಗಿನ ಮಕ್ಕಳಲ್ಲಿ 30 ತೊಂದರೆಗಳನ್ನು ಹುಡುಕಬೇಕು ಎನ್ನುತ್ತದೆ. ಆ ಮೂವತ್ತರಲ್ಲಿ ಎಡಿಎಚ್‌ಡಿ ಇದೆ. ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ತಂಡ ಹೋಗಬೇಕು, ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಆಟಿಸಂ ಇದೆ, ಕಲಿಕೆಯ ನ್ಯೂನತೆ ಇದೆ. ಎಡಿಎಚ್‌ಡಿ ಇಲ್ಲ. ಸರ್ಕಾರದ ಒಂದು ಕಣ್ಣು ಹುಡುಕುತ್ತದೆ, ಇನ್ನೊಂದು ಕಣ್ಣು ಗುರುತಿಸುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಪ್ರಮಾಣಪತ್ರ ಹೇಗೆ? ಪ್ರಮಾಣಪತ್ರ ಇಲ್ಲದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಹೇಗೆ? ಆಮೇಲೆ ಶಾಲೆ ಹೇಳುವುದು: ನಮ್ಮ ಕೈಯಲ್ಲಿ ಏನೂ ಇಲ್ಲ, ನೀವೇ ನೋಡಿಕೊಳ್ಳಿ.

ಇದನ್ನು ಸರಿಪಡಿಸಲು ಸಂಸತ್ತಿನ ತನಕ ಹೋಗಬೇಕಾಗಿಲ್ಲ. ಅದೇ ಕಾಯಿದೆಯ ಪಟ್ಟಿಯ ಕೊನೆಯಲ್ಲಿ, ಕೇಂದ್ರ ಸರ್ಕಾರ ಅಧಿಸೂಚಿಸುವ ಇತರ ವರ್ಗಗಳು ಎಂಬ ಸಾಲಿದೆ. ಒಂದು ಅಧಿಸೂಚನೆ ಸಾಕು. ತೀವ್ರತೆ ಅಳೆದು, ಯಾರಿಗೆ ಎಷ್ಟು ಎಂದು ನಿಯಮ ಮಾಡಲಿ. ಎಲ್ಲ ಚಂಚಲ ಮಕ್ಕಳಿಗೂ ಸವಲತ್ತು ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಹಾಗೆಯೇ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ವಾರಗಟ್ಟಲೆ ತರಗತಿಯ ಹೊರಗೆ ನಿಲ್ಲಿಸುವುದು ಯಾವುದರಲ್ಲಿ ಬರುತ್ತದೆ ಎಂದು ಶಾಲೆಗಳೇ ಹೇಳಲಿ.

ಈ ಊರಿಗೆ ಇದೆಲ್ಲ ಹೊಸದೂ ಅಲ್ಲ. 1906ರಲ್ಲಿ ಸಯಾಜಿರಾವ್ ಗಾಯಕವಾಡರು ಇಡೀ ಬರೋಡಾ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದರು, ಮಗುವನ್ನು ಕಳಿಸದ ಹೆತ್ತವರಿಗೆ ದಂಡ ಹಾಕಿದರು. ಅಂದು ರಾಜ್ಯವೇ ಮನೆಬಾಗಿಲಿಗೆ ಬಂದು ಮಗುವನ್ನು ಕಳಿಸಿ ಎಂದಿತು. ಇಂದು ಅದೇ ಊರಿನ ಶಾಲೆಯೊಂದು ಕರೆದುಕೊಂಡು ಹೋಗಿ ಎನ್ನುತ್ತದೆ. ಇನ್ನೊಬ್ಬರನ್ನೂ ನೆನೆಯಬೇಕು, ಭಾವನಗರದ ಗಿಜುಭಾಯಿ ಬಧೇಕಾ. ವಕೀಲರಾಗಿದ್ದವರು, ಮಗ ಹುಟ್ಟಿದ ಮೇಲೆ ಮಕ್ಕಳ ಶಿಕ್ಷಣದ ಕಡೆ ತಿರುಗಿ 1920ರಲ್ಲಿ ಬಾಲಮಂದಿರ ಕಟ್ಟಿದರು. ಗುಜರಾತ್ ಅವರನ್ನು 'ಮೂಛಾಳಿ ಮಾ' ಎನ್ನುತ್ತದೆ, ಮೀಸೆಯ ತಾಯಿ. ನೂರು ವರ್ಷದ ಹಿಂದೆ ಒಬ್ಬ ಗಂಡಸಿಗೆ ಸಾಧ್ಯವಾದದ್ದು, ವರ್ಕ್ ಫ್ರಂ ಹೋಮ್ ಇರುವ ನನಗೆ ಹದಿನಾಲ್ಕು ತಿಂಗಳಲ್ಲಿ ಒಂದು ದಿನ ಸಾಧ್ಯವಾಯಿತು.

ಮನೆಯವರನ್ನು ಒಳಗೆ ಕರೆಯುವುದಕ್ಕೂ ನಮ್ಮಲ್ಲಿ ಮಾದರಿಯಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಕಾಯಿಲೆಯವರನ್ನು ನೋಡಿಕೊಳ್ಳುವುದನ್ನು ಅವರಿಗೇ ಕಲಿಸಿದರು. ಹಣವೂ ಜನವೂ ಇಲ್ಲದ ಕಾಲದಲ್ಲಿ ಡೇರೆಯಲ್ಲಿ ಆದದ್ದು, ಏಸಿ ಹಾಕಿದ ಸೆಂಟರುಗಳಲ್ಲಿ ಯಾಕೆ ಆಗುವುದಿಲ್ಲ?

ಹಾಗಾಗಿ ನಾನು ಕೇಳುವುದು ಇಷ್ಟು. ಥೆರಪಿ ಸೆಂಟರಿನವರೇ, ನಲವತ್ತೈದು ನಿಮಿಷದಲ್ಲಿ ಹದಿನೈದು ನಮಗೆ ಕೊಡಿ, ಫೀಸು ಅಷ್ಟೇ ತೆಗೆದುಕೊಳ್ಳಿ. ಶಾಲೆಯವರೇ, ಡೈರಿಯಲ್ಲಿ ಏನು ತಪ್ಪು ಮಾಡಿದ ಎಂಬುದರ ಜೊತೆಗೆ, ಯಾವಾಗ ಹತ್ತು ನಿಮಿಷ ಕೂತ, ಆಗ ಏನು ನಡೆಯುತ್ತಿತ್ತು ಎಂಬುದನ್ನೂ ಬರೆಯಿರಿ. ನಮಗೆ ಉಪಯೋಗಕ್ಕೆ ಬರುವುದು ಅದೇ. ಹೊರನಾಡಿನ ಕನ್ನಡ ಸಂಘಗಳೇ, ರಾಜ್ಯೋತ್ಸವಕ್ಕೆ ಊರಿಂದ ಕಲಾವಿದರನ್ನು ಕರೆಸುತ್ತೀರಿ, ಹೋಳಿಗೆ ಊಟ ಹಾಕುತ್ತೀರಿ, ಒಳ್ಳೆಯದು. ಅದೇ ಸಭಾಂಗಣವನ್ನು ಹತ್ತು ಭಾನುವಾರ ಬೆಳಿಗ್ಗೆ ಕೊಡಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತರಬೇತಾದ, ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರೊಬ್ಬರನ್ನು ಪರದೆಯ ಮೇಲೆ ಕರೆಸಿ. ಹತ್ತು ಜೋಡಿ ಹೆತ್ತವರು ಕೂತು ಕನ್ನಡದಲ್ಲಿ ಕಲಿಯಲಿ, ಕನ್ನಡದಲ್ಲಿ ಅಳಲಿ. ನುಡಿ ಉಳಿಸುವ ಕೆಲಸ ಎಂದರೆ ಇದೂ ಅಲ್ಲವೇ? ಗಂಡಸರಿಗೆ ಒಂದೇ ಮಾತು: ಜೋಡಿ ಎಂದೆ.

ಕನ್ನಡ ಮನೆಗೆ ವಾಪಸು ಬಂದ ವಾರ ಅವ್ವ ಮೊಮ್ಮಗನನ್ನು ಕರೆದು ಮರದ ತುಂಬ ಶೇಂಗಾ ಇಟ್ಟುಕೊಂಡು ಕೂತಳು. 'ಹತ್ತು ಸುಲಿ, ಓಡಿ ಹೋಗಿ ಬಾಗಲಾ ಮುಟ್ಟಿ ಬಾ. ಮತ್ತ ಹತ್ತು ಸುಲಿ.' ಅವನು ಇಪ್ಪತ್ತು ನಿಮಿಷ ಆ ಕೆಲಸ ಬಿಡಲಿಲ್ಲ. ಕೆಲಸವನ್ನು ತುಂಡು ಮಾಡು, ನಡುವೆ ಓಡಲು ಬಿಡು ಎಂದು ನಾನು ಎರಡು ಪುಸ್ತಕದಲ್ಲಿ ಓದಿದ್ದೆ. ಅವಳನ್ನು ದೇವರು ಮಾಡುತ್ತಿಲ್ಲ. ಅದೇ ಸಂಜೆ ದೃಷ್ಟಿ ಆಗೇತಿ ಅಂತ ಮೆಣಸಿನಕಾಯಿ ನಿವಾಳಿಸಿ ಮನೆಯೆಲ್ಲ ಕೆಮ್ಮಿಸಿದಳು. ಆದರೆ ನಾಲ್ಕು ತಿಂಗಳು ಅವಳನ್ನು ಟೀವಿಯ ಮುಂದೆ ಕೂರಿಸಿ ನಾವು ಏನನ್ನು ಕಳೆದುಕೊಂಡೆವು ಎಂಬುದು ಅವತ್ತು ತಿಳಿಯಿತು.

ಹೋದ ತಿಂಗಳು ನಾನು ಸೆಂಟರಿನ ಯಜಮಾನರಿಗೆ ಒಂದು ಪತ್ರ ಬರೆದುಕೊಟ್ಟೆ, ಹೆತ್ತವರನ್ನು ಕೊನೆಯ ಹದಿನೈದು ನಿಮಿಷ ಒಳಗೆ ಬಿಡಿ ಎಂದು. ಬೆಂಚಿನ ಮೇಲಿದ್ದ ಐವರಲ್ಲಿ ನಾಲ್ವರು ಸಹಿ ಹಾಕಿದರು, ಒಬ್ಬರು ಮನೆಯವರನ್ನು ಕೇಳಿ ಹೇಳುತ್ತೇನೆ ಎಂದರು. ವಿಚಾರ ಮಾಡುತ್ತೇವೆ ಎಂಬ ಉತ್ತರ ಬಂದಿದೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಐದೂವರೆಗೆ ನನ್ನ ಕ್ಯಾಲೆಂಡರ್ ಈಗ ಬ್ಲಾಕ್ ಆಗಿದೆ. ಮೂರು ಅಲಾರಂ ಇಟ್ಟಿದ್ದೇನೆ.